ಹಗೇವಿನ ಬಾಯಿಗೆ ಇಟ್ಟ ಪಂಖಾ

ಉದಗೀರಿನ ಬಸ್ ನಿಲ್ದಾಣದ ಎದುರಿಗೆ ಮೊಬೈಲ್ ರಿಪೇರಿಯ ಒಂದು ಸಣ್ಣ ಅಂಗಡಿಯಿದೆ. ಕಳೆದ ದೀಪಾವಳಿ ಮುಗಿದ ಮೇಲೆ ನನ್ನ ಫೋನು ಕೊಡಲು ಅಲ್ಲಿಗೆ ಹೋಗಿದ್ದೆ. ಅಂಗಡಿಯವನು ಕಾದ ಬೆಸುಗೆ ಕಡ್ಡಿಯನ್ನು ರಾಳದ ಡಬ್ಬಿಗೆ ಅದ್ದಿ ಯಾವುದೋ ತಂತಿಗೆ ಮುಟ್ಟಿಸಿದ. ಚುಂಯ್ ಎಂದು ಒಂದೆಳೆ ಹೊಗೆ ಎದ್ದಿತು. ಸುಟ್ಟ ರಾಳ, ಕರಗಿದ ಸೀಸ... ಆ ವಾಸನೆ ಮೂಗಿಗೆ ಬಡಿಯಿತು. ಫೋನನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ.

ಆ ವಾಸನೆ ನನ್ನ ಪಾಲಿಗೆ ಒಬ್ಬರೇ ಒಬ್ಬರದು. ಗುಂಜೋಟಿಯಲ್ಲಿ ನಾವಿದ್ದ ಮನೆಯ ಅಂಗಳದ ಆಚೆ ಬದಿಯಲ್ಲಿ ಇದ್ದ ವೈನಿಯದು.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ. ಅವರು ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ನಾನು ಆಳಂದದ ಕಡೆಯಿಂದ ಮದುವೆಯಾಗಿ ಗಡಿಯಾಚೆಯ ಮರಾಠಿ ಸೀಮೆಗೆ ಬಂದವಳು. ನನ್ನ ಗಂಡನಿಗೆ ಮುರುಮದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಗುಂಜೋಟಿಯ ಒಂದು ಹಳೇ ಕಲ್ಲಿನ ಮನೆಯಲ್ಲಿ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತ್ತು. ಇನ್ನರ್ಧದಲ್ಲಿ ಮನೆಯವರೇ ಇದ್ದರು. ವೈನಿ, ಅವರ ಗಂಡ, ಮೈದುನ, ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಅತ್ತೆ. ಅಂಗಳ ಒಂದೇ, ಬಾವಿಯೂ ಒಂದೇ. ವೈನಿಯ ಗಂಡನನ್ನು ನಾನು ಅಣ್ಣ ಅನ್ನುತ್ತಿದ್ದೆ. ಹೊಲ ನೋಡಿಕೊಂಡಿದ್ದ, ದನಿ ಎತ್ತಿ ಮಾತಾಡದ ಮನುಷ್ಯ.

ವೈನಿಯ ತವರು ಬಸವಕಲ್ಯಾಣದ ಹತ್ತಿರ. ನಾನು ಗುಂಜೋಟಿಗೆ ಬರುವ ಮೊದಲು ಆ ಊರಿಗೆ ಯಾವುದೋ ಸಂಸ್ಥೆ ಬಂದು ಹೆಂಗಸರಿಗೆ ಸೋಲಾರ್ ದೀಪ ಜೋಡಿಸುವುದನ್ನು ಕಲಿಸಿತ್ತಂತೆ. ಒಂದು ವರ್ಷ ನಡೆದು ಅದು ನಿಂತುಹೋಯಿತು. ಉಳಿದ ಸಾಮಾನು ಎರಡು ಮರದ ಪೆಟ್ಟಿಗೆಗಳಲ್ಲಿ ಇವರ ಮನೆಯಲ್ಲೇ ಉಳಿಯಿತು. ಅಂಗೈಯಗಲದ ಸೋಲಾರ್ ಹಲಗೆಗಳು, ಹೆಬ್ಬೆರಳಿನಷ್ಟು ದಪ್ಪದ ಮೋಟಾರುಗಳು, ಕಂಪ್ಯೂಟರಿನೊಳಗೆ ಇರುವಂಥ ಚೌಕನೆಯ ಸಣ್ಣ ಫ್ಯಾನುಗಳು, ಒಂದು ಬೆಸುಗೆ ಕಡ್ಡಿ. ಬೇರೆ ಹೆಂಗಸರು ಕಲಿತದ್ದನ್ನು ಮರೆತರು. ವೈನಿ ಮರೆಯಲಿಲ್ಲ. ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿದ ಮೇಲೆ ಪಡಸಾಲೆಯಲ್ಲಿ ಆ ಪೆಟ್ಟಿಗೆ ತೆರೆದು ಕೂರುತ್ತಿದ್ದರು. ಇದರಿಂದ ಮನೆಗೆ ಏನು ಉಪಯೋಗವಾದೀತು ಎಂಬುದೊಂದೇ ಅವರ ಯೋಚನೆ.

ಮೊದಲು ಮಾಡಿದ್ದು ಒಲೆಗೆ. ತುಪ್ಪದ ಡಬ್ಬಿಯ ತಳ ಕತ್ತರಿಸಿ, ಅದರಲ್ಲಿ ಫ್ಯಾನು ಕೂರಿಸಿ, ಅಡುಗೆಮನೆಯ ಗೋಡೆಯ ಬೆಳಕಿಂಡಿಗೆ ಸಿಕ್ಕಿಸಿದರು. ಹಲಗೆ ಮಾಳಿಗೆಯ ಮೇಲೆ, ತಂತಿ ಕೆಳಗೆ. ಬಿಸಿಲು ಏರಿದಂತೆ ಫ್ಯಾನು ಹೊಗೆಯನ್ನು ಹೊರಗೆಳೆಯುತ್ತಿತ್ತು. ವರ್ಷಗಟ್ಟಲೆ ಕೆಮ್ಮುತ್ತಿದ್ದ ಆಯಿ ಒಂದು ತಿಂಗಳಲ್ಲಿ ಕೆಮ್ಮು ಕಡಿಮೆಯಾಯಿತೆಂದು ತಾವೇ ಹೇಳಿಕೊಂಡು ತಿರುಗಿದರು. ಆಮೇಲೆ ಶ್ಯಾವಿಗೆ ಒಣಗಿಸಲು ಸೊಳ್ಳೆಪರದೆ ಕಟ್ಟಿದ ಪೆಟ್ಟಿಗೆ. ಮಾಳಿಗೆಯ ಮೇಲೆ ಹರಡಿದ ಜೋಳಕ್ಕೆ ಗುಬ್ಬಿ ಬರದಂತೆ ಮೋಟಾರಿಗೆ ಬಣ್ಣದ ಚಿಂದಿ ಕಟ್ಟಿ ತಿರುಗಿಸಿದರು. ಮಜ್ಜಿಗೆ ಕಡೆಯಲು ನೋಡಿದರು, ಅದು ಆಗಲಿಲ್ಲ. ಮೋಟಾರು ಎರಡು ಸುತ್ತು ಸುತ್ತಿ ಬಿಸಿಯಾಗಿ ನಿಂತುಬಿಡುತ್ತಿತ್ತು. ಒಮ್ಮೆ ಗಡಿಗೆಯೇ ಉರುಳಿ ಮಜ್ಜಿಗೆಯೆಲ್ಲ ಅಂಗಳದ ಪಾಲಾಯಿತು. ಅಣ್ಣ ನಕ್ಕು, "ಇದೊಂದು ನನಗ ಬಿಡು, ನಾ ಕಡೀತೀನಿ" ಅಂದಿದ್ದರು.

ಊರಿನ ಐದಾರು ಮನೆಗಳಲ್ಲಿ ಅವರ ಹೊಗೆಯ ಫ್ಯಾನುಗಳಿದ್ದವು. ನನಗೂ ಒಂದು ಮಾಡಿಕೊಟ್ಟಿದ್ದರು. ಅದನ್ನು ಕೂರಿಸುವಾಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಗಾಳಿ ಎಳೀಬೇಕೋ, ದೂಡಬೇಕೋ, ಮೊದಲ ಅದು ತಿಳ್ಕೋಬೇಕ್ರೀ. ಹೊಗಿ ಇದ್ದಲ್ಲಿ ಎಳೀಬೇಕು. ಉಸಿರು ಇಲ್ಲದಲ್ಲಿ ದೂಡಬೇಕು."

ಉಸಿರು ಇಲ್ಲದ ಜಾಗ ಎಂದರೆ ಅವರ ಮನಸ್ಸಿನಲ್ಲಿದ್ದದ್ದು ಹಗೇವು. ಅಂಗಳದ ಮೂಲೆಯಲ್ಲಿ, ನೆಲದೊಳಗೆ, ಜೋಳ ತುಂಬಿಡುವ ಹಳೇ ಕಾಲದ ಗುಂಡಿ. ಒಬ್ಬ ಮನುಷ್ಯ ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿರುತ್ತಾರೆ. ಊರಲ್ಲಿ ಎಲ್ಲರೂ ಮುಚ್ಚಿಸಿದ್ದರು. ಹಗೇವಿನ ಜೋಳಕ್ಕೆ ಹುಳು ಬೀಳುವುದಿಲ್ಲವೆಂದು ಆಯಿ ಹಟ ಹಿಡಿದದ್ದರಿಂದ ಈ ಮನೆಯಲ್ಲಿ ಉಳಿದಿತ್ತು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಇಳಿದವರಿಗೆ ಎರಡು ಉಸಿರು ಎಳೆಯುವುದರೊಳಗೆ ಎಚ್ಚರ ತಪ್ಪುತ್ತದೆ.

ವೈನಿ ಚಿಕ್ಕವರಿದ್ದಾಗ ತವರಿನಲ್ಲಿ ಅದನ್ನು ಕಣ್ಣಾರೆ ಕಂಡಿದ್ದರು. ನೆರೆಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬ ಇಳಿದ, ಮಾತಾಡಲಿಲ್ಲ. ಅವನನ್ನು ಎತ್ತಲು ಇನ್ನೊಬ್ಬ ಇಳಿದ. ಇಬ್ಬರೂ ಹೆಣವಾಗಿ ಮೇಲೆ ಬಂದರು. "ಮೊದಲನೇದಂವ ಗಾಳಿ ಇಲ್ದ ಸತ್ತ. ಎರಡನೇದಂವ ಅವಸರಕ್ಕ ಸತ್ತ" ಅನ್ನುತ್ತಿದ್ದರು.

ಅದಕ್ಕೇ ಅವರು ಒಂದು ದೊಡ್ಡ ಪಂಖಾ ಮಾಡಿದ್ದರು. ನಾಲ್ಕು ಫ್ಯಾನುಗಳನ್ನು ಒಂದು ಮರದ ಹಲಗೆಗೆ ಕೂರಿಸಿ, ಸಣ್ಣ ಸೋಲಾರ್ ಹಲಗೆಗಳನ್ನು ಸೇರಿಸಿ ಮಾಡಿದ ದೊಡ್ಡ ತಗಡು ಅದಕ್ಕೆ ಜೋಡಿಸಿ, ಹಳೇ ರೆಗ್ಜಿನ್ ಬಟ್ಟೆ ಹೊಲಿದು ಉದ್ದನೆಯ ಕೊಳವೆ ಮಾಡಿ ಕಟ್ಟಿದ್ದರು. ಕೊಳವೆಯ ತುದಿ ಹಗೇವಿನ ತಳ ಮುಟ್ಟುತ್ತಿತ್ತು. ಪಂಖಾ ಮೇಲಿಂದ ಒಳ್ಳೇ ಗಾಳಿ ದೂಡುತ್ತಿತ್ತು. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯಬೇಕು. ಅಣ್ಣನ ಹತ್ತಿರ ಅವರು ಇದಕ್ಕೆ ಆಣೆ ಹಾಕಿಸಿಕೊಂಡಿದ್ದರು. ಪಂಖಾ ಹಚ್ಚದೆ ಇಳಿಯುವುದಿಲ್ಲ ಎಂದು ಅಣ್ಣ ಆಯಿಯ ಎದುರೇ ಹೇಳಿದ್ದನ್ನು ನಾನೂ ಕೇಳಿದ್ದೆ.

ನನ್ನ ಮಗಳು ಹುಟ್ಟಿದ್ದು ಆ ವರ್ಷದ ಬೇಸಿಗೆಗೆ ಸ್ವಲ್ಪ ಮುಂಚೆ. ಬೇಸಿಗೆ ಬಂದಾಗ ಹಗಲಿಡೀ ಕರೆಂಟು ಇಲ್ಲ. ಕೂಸಿನ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ. ಅತ್ತೂ ಅತ್ತೂ ಅದರ ದನಿ ಬಿದ್ದುಹೋಗಿತ್ತು. ನನಗೂ ನಿದ್ದೆಯಿರಲಿಲ್ಲ. ಒಂದು ದಿನ ವೈನಿ ಆ ದೊಡ್ಡ ಪಂಖಾ ಹೊತ್ತು ತಂದರು. ಕೊಳವೆಯನ್ನು ಬಿಚ್ಚಿ ಬದಿಗಿಟ್ಟು, ತಗಡನ್ನು ನಮ್ಮ ಹಿಂಬಾಗಿಲ ಬಿಸಿಲಿಗೆ ಹಿಡಿಸಿ, ಫ್ಯಾನುಗಳನ್ನು ತೊಟ್ಟಿಲಿನ ಪಕ್ಕ ನಿಲ್ಲಿಸಿದರು. ಕೂಸು ಗಾಳಿ ತಾಗಿದ್ದೇ ಅಳು ನಿಲ್ಲಿಸಿತು.

"ಇಟ್ಕೋರಿ. ಹಗೇವು ತೆಗಿಯೋ ಕಾಲಕ್ಕ ಒಯ್ತೀವಿ" ಅಂದರು.

ಅದು ನಮ್ಮಲ್ಲಿ ಹತ್ತಿರ ಹತ್ತಿರ ಹದಿನೈದು ದಿನ ಇತ್ತು.

ಆ ದಿನ ವೈನಿ ಹಿಟ್ಟಿನ ಗಿರಣಿಗೆ ಹೋಗಿದ್ದರು. ನೆಂಟರ ಮನೆಯ ಮದುವೆಗೆ ಜೋಳ ಕಳಿಸಬೇಕಿತ್ತು, ಮಧ್ಯಾಹ್ನ ಟೆಂಪೋ ಬರುವುದಿತ್ತು. ಮೈದುನ ಇನ್ನೂ ಹೊಲದಿಂದ ಬಂದಿರಲಿಲ್ಲ. ಅಣ್ಣ ಬಂದು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರಲಿಲ್ಲ.

"ತಂಗೀ, ದೊಡ್ಡ ಪಂಖಾ ನಿಮ್ಮಲ್ಲಿ ಅದಲ್ಲ? ಹಗೇವು ತೆಗೀಬೇಕಾಗ್ಯಾದ."

ಕೂಸು ಆಗಷ್ಟೇ ಕಣ್ಣು ಮುಚ್ಚಿತ್ತು. ಬೆಳಗಿನಿಂದ ಅತ್ತು ಅತ್ತು ಈಗ ಮಲಗಿತ್ತು. ನಾನು ಪಿಸುದನಿಯಲ್ಲಿ ಹೇಳಿದೆ. "ಈಗ ಮಲಗ್ಯಾದ ಅಣ್ಣಾ. ಅರ್ಧ ತಾಸು ತಡೀರಿ, ನಾನೇ ತಂದು ಕೊಡ್ತೀನಿ."

ಅವರು ತೊಟ್ಟಿಲ ಕಡೆ ನೋಡಿದರು. ಮುಖದಲ್ಲಿ ಬೇಸರವೇನೂ ಇರಲಿಲ್ಲ.

"ಇರ್ಲಿ ಇರ್ಲಿ, ಮಲಗ್ಲಿ. ಬಾಯಿ ತೆರದು ಬಿಟ್ರ ಗಾಳಿ ತಾನೇ ಆಡ್ತದ."

ಹೋದರು. ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಅಂಗಳದಲ್ಲಿ ಕಲ್ಲು ಸರಿಸುವ ಸದ್ದು ಕೇಳಿಸಿತು. ಮೈದುನ ಬಂದು ಏನೋ ಮಾತಾಡಿದ್ದೂ ಕೇಳಿಸಿತು. ಅರ್ಧ ತಾಸು ಕಾಯುತ್ತಾರೆಂದು ನಾನು ಅಂದುಕೊಂಡೆನೇ? ನಿಜ ಹೇಳಬೇಕೆಂದರೆ ಏನೂ ಅಂದುಕೊಳ್ಳಲಿಲ್ಲ. ಕೂಸು ಮಲಗಿತ್ತು, ನನಗೂ ಮಲಗಬೇಕಿತ್ತು, ಅಷ್ಟೇ...

ಎಚ್ಚರವಾದದ್ದು ಮೈದುನನ ಕೂಗಿಗೆ. "ಅಣ್ಣಾ! ಓ ಅಣ್ಣಾ!" ಹೊರಗೆ ಬಂದೆ. ಅಂವ ಹಗೇವಿನ ಬಾಯಿಗೆ ಮೊಣಕಾಲೂರಿ ಒಳಗೆ ಬಗ್ಗಿ ಕೂಗುತ್ತಿದ್ದ. ಒಳಗಿನಿಂದ ಉತ್ತರವಿಲ್ಲ. ಅಂವ ಎದ್ದು ಅಂಗಿ ಕಳಚಿ ಎಸೆದು ಬಾಯೊಳಗೆ ಕಾಲು ಬಿಟ್ಟ. ಅದೇ ಗಳಿಗೆಗೆ ವೈನಿ ತಲೆಬಾಗಿಲಿನಿಂದ ಒಳಗೆ ಬಂದರು. ತಲೆಯ ಮೇಲೆ ಹಿಟ್ಟಿನ ಡಬ್ಬಿ. ಅದನ್ನು ಇಳಿಸಲೂ ಇಲ್ಲ, ಹಾಗೇ ಬಿಟ್ಟರು. ಅಂಗಳದ ತುಂಬ ಹಿಟ್ಟು ಹಾರಿತು. ಓಡಿಬಂದು ಮೈದುನನ ಎರಡೂ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು.

"ವೈನಿ, ಬಿಡು! ಅಣ್ಣ ಒಳಗ ಅದಾನ!"

"ಗೊತ್ತದ. ನೀ ಇಳದ್ರ ಇಬ್ಬರಾಗ್ತೀರಿ." ಹಾಗೆಂದವರೇ ನನ್ನ ಕಡೆ ತಿರುಗಿ ಕಿರುಚಿದರು. "ಪಂಖಾ ತರ್ರೀ!"

ನಾನು ತೊಟ್ಟಿಲ ಪಕ್ಕದಿಂದ ಅದನ್ನು ತಗಡಿನ ಸಮೇತ ಎತ್ತಿಕೊಂಡು, ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು ಓಡಿದೆ. ಕೂಸು ಚೀರತೊಡಗಿತು. ವೈನಿ ಒಂದು ಕೈಯಿಂದ ಮೈದುನನ ಧೋತರ ಬಿಗಿಹಿಡಿದು, ಇನ್ನೊಂದು ಕೈ ಮತ್ತು ಹಲ್ಲಿನಿಂದ ಕೊಳವೆ ಕಟ್ಟಿದರು. ಅದನ್ನು ಒಳಗಿಳಿಸಿದರು. ತಗಡನ್ನು ಬಿಸಿಲಿಗೆ ಹಿಡಿದು ನಿಲ್ಲಲು ನನಗೆ ಹೇಳಿದರು. ನಾಲ್ಕೂ ಫ್ಯಾನುಗಳು ತಿರುಗಿದವು. ಸಣ್ಣ ದುಂಬಿಯಂಥ ಸದ್ದು. ಆ ಅಂಗಳದಲ್ಲಿ ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟೇ ಸಣ್ಣ ಸದ್ದು...

ಜನ ಕೂಡಿದರು. ಇಬ್ಬರು ಗಂಡಸರು ತಾವು ಇಳಿಯುತ್ತೇವೆಂದು ಮುಂದೆ ಬಂದರು. ವೈನಿ ಹಗೇವಿನ ಬಾಯಿಗೆ ಅಡ್ಡಲಾಗಿ ಮಲಗಿಬಿಟ್ಟರು. ಕೊಳವೆ ಅವರ ಪಕ್ಕೆಯ ಕೆಳಗಿನಿಂದ ಒಳಗೆ ಹೋಗಿತ್ತು. ಮೈದುನ ಅಳುತ್ತ ಅವರ ಕೂದಲು ಹಿಡಿದು ಜಗ್ಗಿದ, ಬೆನ್ನಿಗೆ ಗುದ್ದಿದ. ಅವರು ಅಲುಗಲಿಲ್ಲ. ಆಯಿ ಎದೆ ಬಡಿದುಕೊಂಡು ಬಯ್ಯುತ್ತಿದ್ದರು. ವೈನಿ ಕಂದೀಲು ಹಚ್ಚಿಸಿ ಇಳಿಬಿಟ್ಟರು. ಆರಿತು. ಮತ್ತೆ ಇಳಿಬಿಟ್ಟರು. ಮತ್ತೆ ಆರಿತು. ಅಷ್ಟು ಹೊತ್ತೂ ಅವರು ಒಳಗೆ ಬಾಯಿಟ್ಟು ಏನೋ ಹೇಳುತ್ತಲೇ ಇದ್ದರು. ಏನೆಂದು ನನಗೆ ಕೇಳಿಸಲಿಲ್ಲ, ಗಂಡನ ಜೊತೆ ಮಾತಾಡುತ್ತಿದ್ದರು ಅಷ್ಟೇ ಗೊತ್ತು. ಮೂರನೇ ಸಲ ಕಂದೀಲು ಉರಿಯುತ್ತಲೇ ಉಳಿಯಿತು. ಆಗ ಎದ್ದು, ಮೈದುನನ ಸೊಂಟಕ್ಕೆ ತಾವೇ ಹಗ್ಗ ಬಿಗಿದು, "ಈಗ ಇಳಿ" ಅಂದರು.

ಅಣ್ಣನನ್ನು ಮೇಲೆ ತಂದಾಗ ಜೀವ ಇರಲಿಲ್ಲ.

ಉಮರಗಾ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು, ಇಳಿದ ತಕ್ಷಣವೇ ಎಚ್ಚರ ತಪ್ಪಿದೆ, ಹಿಂದೆಯೇ ಇನ್ನೊಬ್ಬ ಇಳಿದಿದ್ದರೆ ಅಂವನೂ ಉಳಿಯುತ್ತಿರಲಿಲ್ಲ ಎಂದು. ಆ ಮಾತು ಯಾರ ಕಿವಿಗೂ ಹೋಗಲಿಲ್ಲ. ಮಣ್ಣು ಕೊಡಲು ಬಂದವರ ಮುಂದೆಲ್ಲ ಆಯಿ ಒಂದೇ ಮಾತು ಹೇಳಿ ಅತ್ತರು.

"ನನ್ನ ಮಗ ತಳದಾಗ ಸಾಯ್ಲಕತ್ತಾಗ ಈಕಿ ಮ್ಯಾಲ ಪಂಖಾ ತಿರುಗಿಸ್ಕೋತ ಕುಂತಿದ್ಳು."

ಮೈದುನ ಕೂಡ, ಒಂದು ಗಳಿಗೆ ಬಿಟ್ಟಿದ್ದರೆ ಅಣ್ಣನನ್ನು ಎತ್ತಿ ತರುತ್ತಿದ್ದೆ ಎಂದು ಎಲ್ಲರಿಗೂ ಹೇಳಿದ. ಪಂಚನಾಮೆಗೆ ಬಂದ ಪೊಲೀಸರು, "ಪಂಖಾ ಕುಠೆ ಹೋತಾ?" ಎಂದು ಕೇಳಿದರು. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲಿ ಆ ದಿನ ಪಂಖಾ ಎಲ್ಲಿತ್ತು? ನಾನು ಕಂಬದ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದೆ. ವೈನಿ ನನ್ನ ಕಡೆ ನೋಡಲೂ ಇಲ್ಲ. ಮಾಳಿಗೆಯ ಮೇಲೆ ಇತ್ತು, ಇಳಿಸಿಡುವುದು ನನ್ನ ಕೆಲಸ, ನಾನು ಮರೆತೆ ಎಂದು ಮರಾಠಿಯಲ್ಲಿ ಹೇಳಿದರು. ಪೊಲೀಸರು ಅದನ್ನೇ ಬರೆದುಕೊಂಡರು. ಮಾಳಿಗೆಯ ಏಣಿ ಇದ್ದದ್ದು ನಮ್ಮ ಭಾಗದಲ್ಲೇ. ಅದಕ್ಕೇ ನಾನು ಪಂಖಾ ತಂದದ್ದು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ.

ಮೂರನೇ ದಿನ ಬಾವಿಯ ಹತ್ತಿರ ಅವರೊಬ್ಬರೇ ಸಿಕ್ಕರು. ಯಾಕೆ ಹಾಗೆ ಹೇಳಿದಿರಿ ಎಂದೆ.

"ನೀವು ಬಾಣಂತಿ. ಎಳಿ ಕೂಸು ಅದ. ನಾನೇ ಕೊಟ್ಟಿದ್ದು, ಹೊಳ್ಳಿ ತಂದು ಇಡಬೇಕಾದಾಕಿನೂ ನಾನೇ" ಅಂದರು.

ಪಂಖಾ ನಮ್ಮಲ್ಲಿತ್ತು ಎಂಬುದು ಅವರಿಗೆ ಗೊತ್ತಿತ್ತು. ಅಣ್ಣ ಅದನ್ನು ಕೇಳಲು ಬಂದಿದ್ದರು ಎಂಬುದು ಗೊತ್ತಿರಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬರು ಮಣ್ಣಿನಲ್ಲಿದ್ದರು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನ್ನ ಗಂಡನಿಗೂ ಹೇಳಲಿಲ್ಲ. ಕೊಡ ತುಂಬಿಕೊಂಡು ಒಳಗೆ ಬಂದೆ.

ಆಮೇಲಿನ ನಾಲ್ಕು ತಿಂಗಳು ನಾನು ಆ ಅಂಗಳದಲ್ಲಿ ನೋಡಿದ್ದು ಬರೆಯಲು ಕೈ ಬರುವುದಿಲ್ಲ. ವೈನಿ ಮಾಡಿದ ರೊಟ್ಟಿಯನ್ನು ಆಯಿ ಮುಟ್ಟಲಿಲ್ಲ. ಬೆಳಕಿಂಡಿಯ ಫ್ಯಾನನ್ನು ಕಿತ್ತು ಹೊರಗೆಸೆದು ಅಲ್ಲಿ ಚಿಂದಿ ತುರುಕಿದರು. ಮನೆಯಲ್ಲಿ ಮತ್ತೆ ಹೊಗೆ, ಮತ್ತೆ ಕೆಮ್ಮು. ಊರಿನ ಬೇರೆ ಮನೆಯವರೂ ಒಬ್ಬೊಬ್ಬರಾಗಿ ಅವರ ಫ್ಯಾನುಗಳನ್ನು ತಂದು ಕಟ್ಟೆಯ ಮೇಲಿಟ್ಟು ಹೋದರು. ಮುಟ್ಟಿದರೆ ಕೇಡು ಎಂಬಂತೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ನಮ್ಮದನ್ನು ನಾನು ಹಿಂದಿರುಗಿಸಲಿಲ್ಲ, ಆದರೆ ತಂತಿ ಬಿಚ್ಚಿದೆ. ಅದು ತಿರುಗುವ ಸದ್ದು ಕೇಳಲಾಗುತ್ತಿರಲಿಲ್ಲ. ಹಗೇವನ್ನು ಕಲ್ಲು ಮಣ್ಣು ತುಂಬಿ ಮುಚ್ಚಿಸಿದರು. ದಸರೆಯ ಹೊತ್ತಿಗೆ ವೈನಿ ಒಂದು ಚೀಲ ಹಿಡಿದು ಮನೆ ಬಿಟ್ಟರು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ನಿಲಂಗಾದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿದರೆಂದು ಕೇಳಿದೆ. ಮರುವರ್ಷ ನಾವೂ ಉದಗೀರಿಗೆ ಬಂದೆವು.

ಒಮ್ಮೆ ಮಾತ್ರ ಸಿಕ್ಕಿದ್ದರು. ನನ್ನ ಮಗಳು ಶಾಲೆಗೆ ಹೋಗಲು ಶುರುಮಾಡಿದ್ದ ಕಾಲ. ನಿಲಂಗಾದ ಬಸ್ ನಿಲ್ದಾಣದಲ್ಲಿ ತರಕಾರಿ ಚೀಲದ ಪಕ್ಕ ಕುಳಿತಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಎದ್ದುನಿಂತರು. ಕೂಸು ಹೇಗಿದೆ ಎಂದು ಕೇಳಿದರು. ಹಾಸ್ಟೆಲಿನ ಅಡುಗೆಮನೆಯಲ್ಲಿ ಹೊಗೆ ಬಹಳ ಅಂದರು. ಒಂದು ಫ್ಯಾನು ಮಾಡಿ ಹಾಕಬಹುದಲ್ಲ ಎಂದೆ. ತಲೆ ಅಲ್ಲಾಡಿಸಿದರು. ಆಮೇಲೆ ತಾವಾಗಿಯೇ ಹೇಳಿದರು.

"ಒಂದು ಮಾತು ತಿಳಿವಲ್ದ್ರೀ ನನಗ. ಅವರು ನಿಮಗ ಕೇಳ್ದೇ ಯಾಕ ಇಳದ್ರು? ಕೇಳಿದ್ರ ನೀವು ಕೊಡ್ತಿದ್ರಿ. ಆಣಿ ಮಾಡಿದ್ರು. ನನ್ನ ಮಾತು ಅವರಿಗಿ ಅಷ್ಟು ಹಗುರ ಇತ್ತೇನು?"

ಹೇಳಬೇಕಿದ್ದದ್ದು ಎರಡೇ ಮಾತು. ಅಣ್ಣ ಬಂದಿದ್ದರು, ಬಾಗಿಲಲ್ಲಿ ನಿಂತು ಕೇಳಿದ್ದರು, ನಿಮ್ಮ ಮಾತು ಮರೆತಿರಲಿಲ್ಲ, ನಾನೇ ತಡೆದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಉದಗೀರಿನ ಬಸ್ಸು ಬಂತು. ನಾನು ಅವರ ಕೈ ಒತ್ತಿ ಹಿಡಿದು, ಬಿಟ್ಟು, ಹತ್ತಿದೆ. ಕಿಟಕಿಯಿಂದ ನೋಡಿದಾಗ ಅವರು ಚೀಲ ಎತ್ತಿ ತಲೆಯ ಮೇಲಿಟ್ಟುಕೊಳ್ಳುತ್ತಿದ್ದರು...

ಮೊಬೈಲ್ ಅಂಗಡಿಯ ಮುಂದೆ ಕುಳಿತ ಆ ದಿನ ನಿಶ್ಚಯ ಮಾಡಿದೆ. ಇನ್ನು ತಡಮಾಡಬಾರದು, ಹೋಗಿ ಹೇಳಿಬಿಡಬೇಕು. ಮರುದಿನ ನಿಲಂಗಾಕ್ಕೆ ಹೋಗಿ ಹಾಸ್ಟೆಲು ಹುಡುಕಿದೆ. ಅಡುಗೆಮನೆಯಲ್ಲಿ ಬೇರೆ ಹೆಂಗಸೊಬ್ಬಳು ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೊದಲಿದ್ದ ಅಡುಗೆಯಾಕೆ ಹೋದ ಚಳಿಗಾಲದಲ್ಲಿ ತೀರಿಕೊಂಡರು ಎಂದಳು. ಕೆಮ್ಮು ಹಚ್ಚಿಕೊಂಡಿತ್ತಂತೆ. ಕಡೆಗೆ ಉಸಿರಾಡಲು ಆಗುತ್ತಿರಲಿಲ್ಲವಂತೆ.

ಮನೆಗೆ ಹೋಗದೆ ಅಲ್ಲಿಂದಲೇ ಗುಂಜೋಟಿಗೆ ಹೋದೆ. ಆಯಿ ಇಲ್ಲವಾಗಿ ಬಹಳ ದಿನವಾಗಿತ್ತು. ಮೈದುನ ಅಂಗಳದಲ್ಲಿ ಶೇಂಗಾ ಗಿಡ ಬಿಡಿಸುತ್ತಿದ್ದರು. ಅವರಿಗೂ ವಯಸ್ಸಾಗಿತ್ತು. ನಿಂತುಕೊಂಡೇ ಎಲ್ಲ ಹೇಳಿದೆ, ಏನೂ ಬಿಡದೆ. ಅವರ ಕೈ ನಿಂತಿತು.

"ಅಣ್ಣ ಕೇಳ್ಲಿಕ್ಕ ಬಂದಿದ್ದನೇನ್ರೀ?" ಎಂದರು. ಮತ್ತೆ, ಕೈಯಲ್ಲಿದ್ದ ಗಿಡ ಕೆಳಗಿಟ್ಟು, "ಆವತ್ತೇ ಹೇಳಿದ್ರ ವೈನಿ ಇಲ್ಲೇ ಇರ್ತಿದ್ರು" ಎಂದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು, ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದು ಕೇಳಿದರು.

"ಮಣ್ಣಿಗಿ ನಮ್ಮೋರು ಯಾರು ಹೋಗಿದ್ರು?"

ಯಾರೂ ಹೋಗಿರಲಿಲ್ಲ. ಸುದ್ದಿ ಕಳಿಸಲು ಹಾಸ್ಟೆಲಿನವರಿಗೆ ಯಾವ ಊರೆಂದೂ ಗೊತ್ತಿರಲಿಲ್ಲ.

ಮಾರನೇ ದಿನ ಇಬ್ಬರೂ ನಿಲಂಗಾದ ರುದ್ರಭೂಮಿಗೆ ಹೋದೆವು. ಕಾವಲಿನ ಮುದುಕ ಬೇಲಿಯ ಪಕ್ಕದ ಒಂದು ಸಾಲನ್ನು ತೋರಿಸಿದ. ಹಾಸ್ಟೆಲಿನವರು ತಂದದ್ದು ಇಲ್ಲೇ ಎಲ್ಲೋ ಇರಬೇಕು ಅಂದ. ಕಲ್ಲಿಲ್ಲ, ಹೆಸರಿಲ್ಲ, ಮಳೆಗೆ ಕುಸಿದ ಮೂರು ಗುಪ್ಪೆ ಮಣ್ಣು, ಮೇಲೆ ಒಣಹುಲ್ಲು. ಮೈದುನ ತಂಬಿಗೆ ತಂದು ಮೂರಕ್ಕೂ ನೀರು ಹಾಕಿದರು. ಮೂರಕ್ಕೂ ಬಗ್ಗಿ ಹಣೆ ಹಚ್ಚಿದರು. ಎದ್ದವರ ಹಣೆಯ ಮೇಲೆ ಹಸಿ ಮಣ್ಣು ಇತ್ತು, ಒರೆಸಿಕೊಳ್ಳಲಿಲ್ಲ.

"ನನ್ನ ಜೀವ ಉಳಿಸಿದಾಕಿ" ಎಂದರು. ಅಷ್ಟು ವರ್ಷಗಳಲ್ಲಿ ಅದನ್ನು ಯಾರ ಬಾಯಲ್ಲೂ ನಾನು ಕೇಳಿರಲಿಲ್ಲ. ಆಮೇಲೆ ಬೇಲಿಯ ಕಡೆ ಸರಿದು ನಿಂತು, "ನಿಮ್ಮದೇನದ, ಹೇಳ್ರಿ" ಎಂದರು.

ಮೂರು ಗುಪ್ಪೆಗಳ ಮುಂದೆ ಕುಳಿತೆ. ಯಾವುದಕ್ಕೆ ಮುಖ ಮಾಡಿ ಹೇಳಬೇಕೆಂದು ತಿಳಿಯಲಿಲ್ಲ.